ಐವತ್ತೇಳನೆಯ ದೇಶ

ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಸುಗ್ಗಿ ಮುಗಿದು, ರಾಗಿಯ ಮೆದೆಗಳು ಕಣದಿಂದ ಕರಗಿ, ರೈತನ ಕೈಗೆ ನಾಲ್ಕು ದಿನದ ಬಿಡುವು ದೊರೆತ ಕಾಲದಲ್ಲಿ, ಊರ ಮುಂದಿನ ಬಯಲಿನಲ್ಲಿ ಚಪ್ಪರ ಹಾಕಿ ಮೂಡಲಪಾಯದ ಆಟ ಆಡುತ್ತಿದ್ದುದನ್ನು ಕಂಡವರು ಇಂದಿಗೂ ಅಲ್ಲಲ್ಲಿ ಉಂಟು. ಮುಖವೀಣೆಯ ಶ್ರುತಿ ಏರಿ, ಮದ್ದಳೆಯ ಪೆಟ್ಟು ಬಿಗಿದು, ಇಬ್ಬರು ಹಿಡಿದ ತೆರೆ ಸರಿದೊಡನೆ, ಭುಜಕೀರ್ತಿ ಎದೆಹಾರ ಕಿರೀಟಗಳ ಭಾರದಿಂದ ಪರ್ವತದಂತಾದ ವೇಷವೊಂದು ರಂಗಕ್ಕೆ ನುಗ್ಗುವುದು. ಸಾರಥಿಯು ಕೈಮುಗಿದು ತಾವಾರು, ತಮ್ಮ ಸ್ಥಳವಾವುದು ಎಂದು ಕೇಳುವನು. ಆಗ ಹಗಲೆಲ್ಲ ನೇಗಿಲು ಹಿಡಿದಿದ್ದ ಆ ಮನುಷ್ಯನು ಛಪ್ಪನ್ನೈವತ್ತಾರು ದೇಶಗಳಲ್ಲಿ ತನಗೆ ಸಮಾನರಿಲ್ಲವೆಂದು ಘೋಷಿಸಿ, ಯಾವ ಭೂಪಟದಲ್ಲಿಯೂ ಕಾಣದ ಒಂದು ಪುರದ ಹೆಸರನ್ನು ಹೇಳುವನು. ಛಪ್ಪನ್ನವೆಂದರೂ ಐವತ್ತಾರೇ, ಒಂದೇ ಸಂಖ್ಯೆಯನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿದ ಈ ಪುನರುಕ್ತಿಯನ್ನು ವೈಯಾಕರಣರು ಒಪ್ಪಲಾರರು. ನನಗಾದರೋ ಅದರಲ್ಲಿ ಒಂದು ಔಚಿತ್ಯ ಕಾಣುತ್ತದೆ. ದೇಶಗಳನ್ನು ಹೀಗೆ ಎರಡೆರಡು ಸಲ ಎಣಿಸಿ ಮುಗಿಸಿದ ಮೇಲೆ, ಎಣಿಕೆಗೆ ಸಿಕ್ಕದೆ ಉಳಿದ ಐವತ್ತೇಳನೆಯ ದೇಶವೊಂದು ಇರಲೇಬೇಕು. ಆ ವೇಷಧಾರಿಯ ಪುರ ಇರುವುದು ಅಲ್ಲಿ.

ಕಲ್ಪಿತ ರಾಜ್ಯದ ವಿಚಾರವೆಂದರೆ ಅದು ಮಕ್ಕಳ ಮಾಸಪತ್ರಿಕೆಗೂ ಟೆಂಟು ಸಿನಿಮಾಕ್ಕೂ ಸೇರಿದ ಸರಕು, ಪ್ರಬುದ್ಧರಾದ ವಾಚಕರು ಅದರ ಗೊಡವೆಗೆ ಹೋಗಬೇಕಾದುದಿಲ್ಲ, ಎಂಬ ಒಂದು ಅವಜ್ಞೆ ನಮ್ಮ ಓದುಬಲ್ಲವರಲ್ಲಿ ಬಹುಕಾಲದಿಂದ ಇದೆ. ಈ ಅವಜ್ಞೆ ಯುಕ್ತವಾದುದಲ್ಲ. ಪುರಾಣದ ಅಯೋಧ್ಯೆ ಹಸ್ತಿನಾವತಿಗಳು ಭಕ್ತಿಯ ಆಧಾರದ ಮೇಲೆ ನಿಂತಿವೆ; ಚರಿತ್ರೆಯ ವಿಜಯನಗರ ಬಿದನೂರುಗಳು ಶಾಸನದ ಕಲ್ಲಿನ ಮೇಲೆ ನಿಂತಿವೆ; ಈ ಎರಡು ಆಸರೆಗಳೂ ಇಲ್ಲದೆ, ಹೇಳುವವನಿಗೂ ಕೇಳುವವನಿಗೂ ಇದು ಇಲ್ಲದ್ದೆಂದು ಚೆನ್ನಾಗಿ ತಿಳಿದಿದ್ದರೂ, ಅಲ್ಲಿಯ ರಾಜಪುತ್ರನ ಸಂಕಟಕ್ಕೆ ಕಣ್ಣಲ್ಲಿ ನೀರು ತರಿಸಬಲ್ಲ ರಾಜ್ಯವೊಂದನ್ನು ಬರಿಯ ಮಾತಿನಿಂದ ಕಟ್ಟಿ ನಿಲ್ಲಿಸುವುದು ಸಾಮಾನ್ಯವಾದ ಕೆಲಸವಲ್ಲ. ಅದನ್ನು ಕಟ್ಟುವ ಬಗೆಯೂ ಎಲ್ಲ ಕಡೆ ಒಂದೇ ಆಗಿಲ್ಲ. ಆ ಬಗೆಯಲ್ಲಿ, ಅರಸುತನವೆಂದರೇನು, ಮನೆಯೆಂದರೇನು, ಪರದೇಶವೆಂದರೇನು ಎಂಬ ವಿಷಯಗಳಲ್ಲಿ ಒಂದೊಂದು ಜನಾಂಗ ಏನನ್ನು ನಂಬಿತ್ತೆಂಬುದು ಅದಕ್ಕೇ ಅರಿವಿಲ್ಲದಂತೆ ಹೊರಬೀಳುತ್ತದೆ.

ಪಶ್ಚಿಮದ ಮಾದರಿಯಿಂದ ತೊಡಗುವುದು ಅನುಕೂಲ. ಅದು ಈಚಿನದು, ಅದರ ವಯಸ್ಸನ್ನು ಖಚಿತವಾಗಿ ಹೇಳಬಹುದು. ರಾಬರ್ಟ್ ಲೂಯಿ ಸ್ಟೀವನ್‌ಸನ್ 1885ರಲ್ಲಿ ‘ಪ್ರಿನ್ಸ್ ಆಟೊ’ ಎಂಬ ಕಾದಂಬರಿಗಾಗಿ ಗ್ರ್ಯೂನ್‌ವಾಲ್ಡ್ ಎಂಬ ಪುಟ್ಟ ಜರ್ಮನ್ ಸಂಸ್ಥಾನವನ್ನು ಕಲ್ಪಿಸಿದನು. ಒಂಬತ್ತು ವರ್ಷಗಳ ಮೇಲೆ, 1894ರಲ್ಲಿ, ಲಂಡನ್ನಿನ ವಕೀಲನಾದ ಆಂಟನಿ ಹೋಪ್ ‘ದ ಪ್ರಿಸನರ್ ಆಫ್ ಜೆಂಡಾ’ವನ್ನು ಪ್ರಕಟಿಸಿದನು, ಅದರಲ್ಲಿಯ ರೂರಿಟೇನಿಯ ಎಂಬ ದೇಶದ ಹೆಸರು ಈ ಜಾತಿಯ ಕಥೆಗಳಿಗೆಲ್ಲ ಕುಲನಾಮವಾಗಿ ನಿಂತಿತು. ಮಾಡಲು ಕೆಲಸವಿಲ್ಲದ ರುಡಾಲ್ಫ್ ರಾಸೆಂಡಿಲ್ ಎಂಬ ಆಂಗ್ಲ ಗೃಹಸ್ಥನು, ತನ್ನ ದೂರದ ಬಂಧುವಾದ ಆ ದೇಶದ ಅರಸನ ಪಟ್ಟಾಭಿಷೇಕವನ್ನು ನೋಡಿ ಬರೋಣವೆಂದು ಡ್ರೆಸ್‌ಡನ್ ಮಾರ್ಗವಾಗಿ ರೈಲಿನಲ್ಲಿ ಹೋಗುವನು. ಅರಸನಿಗೂ ಅವನಿಗೂ ರೂಪದಲ್ಲಿ ಭೇದವಿಲ್ಲ. ಪಟ್ಟವಾಗಬೇಕಾದವನಿಗೆ ಹಿಂದಿನ ರಾತ್ರಿ ಮದ್ದು ಬೆರೆಸಿದ ಮದ್ಯವನ್ನು ಕುಡಿಸಲಾಗಿ, ರಾಜಧಾನಿಯಾದ ಸ್ಟ್ರೆಲ್ಸೌನಲ್ಲಿ ಕಿರೀಟವನ್ನು ಇವನೇ ಧರಿಸಬೇಕಾಗುವುದು. ನಿಜವಾದ ಅರಸನು ಜೆಂಡಾದ ದುರ್ಗದಲ್ಲಿ ಸೆರೆಯಾಗುವನು. ಅರಸನಿಗೆಂದು ನಿಶ್ಚಿತಳಾದ ಫ್ಲೇವಿಯಾ ಇವನಿಗೆ ಮನಸೋಲುವಳು. ಕತ್ತಿಯ ಕಾಳಗಗಳೆಲ್ಲ ಮುಗಿದ ಮೇಲೆ ಇವನು ಅರಸನನ್ನು ಬಿಡಿಸಿ, ಸಿಂಹಾಸನವನ್ನೂ ಪ್ರೇಯಸಿಯನ್ನೂ ಅವನಿಗೇ ಒಪ್ಪಿಸಿ, ಇಂಗ್ಲೆಂಡಿಗೆ ಮರಳಿಬಿಡುವನು. ಇದನ್ನು ಅನುಸರಿಸಿ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಅಮೆರಿಕದ ಮೆಕಚನ್ 1901ರಲ್ಲಿ ಕಟ್ಟಿದ ಗ್ರೌಸ್ಟಾರ್ಕ್ ಅವುಗಳಲ್ಲೆಲ್ಲ ಹೆಸರಾದುದು.

ಈ ರಾಜ್ಯದ ಮುಖ್ಯ ಲಕ್ಷಣವೆಂದರೆ ಅದು ಭೂಪಟದ ಒಳಗೇ ಇದೆಯೆಂದು ನಟಿಸುವುದು. ಅಲ್ಲಿಗೆ ಟಿಕೇಟು ದೊರೆಯುತ್ತದೆ, ತಂತಿ ಕಳುಹಿಸಬಹುದು, ನೆರೆಯ ದೊಡ್ಡ ದೇಶಗಳು ನಿಜವಾದ ದೇಶಗಳೇ. ಸುಳ್ಳಿನ ಸುತ್ತಲೂ ದಿಟದ ಬೇಲಿ ಹಾಕಿದರೆ ಒಳಗಿನ ಸುಳ್ಳನ್ನು ಯಾರೂ ಪ್ರಶ್ನಿಸರೆಂಬ ವಕೀಲನ ಯುಕ್ತಿ ಇದು. ತಂತಿಯೂ ರೈಲೂ ಬಂದು ಲೋಕವೆಲ್ಲ ಸಪ್ಪೆಯಾಯಿತೆಂದು ಕೊರಗುತ್ತಿದ್ದ ಲಂಡನ್ನಿನ ಗುಮಾಸ್ತನಿಗೆ, ಆ ರೈಲಿನ ದಾರಿಯ ಕೊನೆಯಲ್ಲಿಯೇ ಕತ್ತಿಗೂ ಮಾನಕ್ಕೂ ಬೆಲೆ ಉಳಿದಿರುವ ನಾಡೊಂದಿದೆ ಎಂಬುದು ಎಷ್ಟು ಹಿತವಾದ ಮಾತು! ಆದರೆ ರಾಸೆಂಡಿಲ್ಲನು ಅಲ್ಲಿ ಮೂರು ತಿಂಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ನಿಂತರೆ ಕಂದಾಯ, ಬರಗಾಲ, ವ್ಯಾಜ್ಯಗಳೆಲ್ಲ ಬಂದುಬಿಡುತ್ತವೆ. ರೂರಿಟೇನಿಯ ಕೇವಲ ವಿಹಾರಧಾಮ. ಪರಕೀಯನೊಬ್ಬನು ಹೋಗುವನು, ಆ ಜನಕ್ಕೆ ತಾವೇ ಬಗೆಹರಿಸಿಕೊಳ್ಳಲಾರದ ತೊಡಕನ್ನು ಬಗೆಹರಿಸುವನು, ಮನೆಗೆ ಬರುವನು. ಲೋಕದ ನಾಲ್ಕನೆಯ ಒಂದು ಪಾಲನ್ನು ಆಳುತ್ತಿದ್ದ ಜನ ಇಂತಹ ಕಥೆಯನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 1918ರಲ್ಲಿ ಮಧ್ಯ ಯುರೋಪಿನ ಸಿಂಹಾಸನಗಳು ಒಂದರ ಮೇಲೊಂದು ಉರುಳಿದಾಗ ರೂರಿಟೇನಿಯದ ಬೇಲಿಯೇ ಬಿದ್ದುಹೋಯಿತು. ಅಲ್ಲಿಂದ ಮುಂದೆ ಅದು ಸಂಗೀತನಾಟಕಗಳಿಗೂ ಹಾಸ್ಯಕ್ಕೂ ಇಳಿಯಿತು.

ಇನ್ನು ನಮ್ಮ ಕಡೆಗೆ ಬರೋಣ. ನಾನೊಮ್ಮೆ, ಇಂಗ್ಲಿಷು ಓದಿದ ಹುಮ್ಮಸ್ಸಿನಲ್ಲಿ, ಜೆಂಡಾದ ಕಥೆಯನ್ನು ನಮ್ಮ ಮನೆಯ ಅಜ್ಜಿಗೆ ಬಿಡಿಸಿ ಹೇಳಿದ್ದೆ. ಆಕೆ ಅವರೆಕಾಯಿ ಸುಲಿಯುತ್ತ ಆಸಕ್ತಿಯಿಂದಲೇ ಕೇಳಿದಳು. ರಾಸೆಂಡಿಲ್ ಊರಿಗೆ ಮರಳಿದನೆಂದು ನಾನು ನಿಲ್ಲಿಸಿದಾಗ, ‘ಅಷ್ಟೆಲ್ಲಾ ಮಾಡಿ ಬರಿಗೈಲಿ ಬಂದ್ನೇನೋ? ಹಂಗಾದ್ರೆ ಕತೆ ಇನ್ನೂ ಮುಗುದಿಲ್ಲ ಕಣೋ, ಮುಂದುಕ್ಕೆ ಹೇಳು’ ಎಂದಳು. ಮುಂದಕ್ಕೆ ಏನೂ ಇಲ್ಲವೆಂದು ಆಕೆಯನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ಆಗ ನಗು ಬಂದಿತ್ತು. ಈಗ ನೋಡಿದರೆ ಈ ಇಡೀ ಪ್ರಶ್ನೆಯ ತಿರುಳು ಆಕೆಯ ಆ ಮಾತಿನಲ್ಲಿಯೇ ಇದ್ದಿತೆಂದು ತೋರುತ್ತದೆ.

ಕನ್ನಡದಲ್ಲಿ ಕಲ್ಪಿತ ರಾಜ್ಯಕ್ಕೆ ಎಂಟುನೂರು ವರ್ಷಕ್ಕೂ ಮಿಕ್ಕ ಪ್ರಾಚೀನತೆ ಇದೆ. ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ, ಜಯಂತೀಪುರದ ಅರಸುಮಗ ಕಂದರ್ಪದೇವನು ಕನಸಿನಲ್ಲಿ ಒಬ್ಬ ಕನ್ಯೆಯನ್ನು ಕಂಡು, ಎಚ್ಚರವಾದ ಮೇಲೆ ಅವಳಿಲ್ಲದೆ ಬದುಕಲಾರದೆ, ಗೆಳೆಯನನ್ನು ಕೂಡಿಕೊಂಡು ಅವಳನ್ನು ಹುಡುಕುತ್ತ ಹೊರಡುವನು, ಅತ್ತ ಕುಸುಮಪುರದಲ್ಲಿ ಲೀಲಾವತಿಯೂ ಅದೇ ಬಗೆಯ ಕನಸು ಕಂಡು ಕೊರಗುತ್ತಿರುವಳು. ಸುಬಂಧುವಿನ ‘ವಾಸವದತ್ತೆ’ಯ ನೆರಳು ಇದರ ಮೇಲೆ ಧಾರಾಳವಾಗಿ ಬಿದ್ದಿದೆ, ವರ್ಣನೆಗಳು ಕಥೆಯನ್ನು ಎಷ್ಟೋ ಸಲ ಮುಳುಗಿಸುತ್ತವೆ, ಅದೆಲ್ಲ ನಿಜ. ನಮಗೆ ಇಲ್ಲಿ ಮುಖ್ಯವಾದುದು ಊರಿನ ಹೆಸರು. ಜಯಂತೀಪುರವೆಂದರೆ ಕದಂಬರ ಬನವಾಸಿಯೇ. ನೇಮಿಚಂದ್ರನ ಕಾಲಕ್ಕೆ ಕದಂಬರ ಹಳೆಯ ವೈಭವ ಅಳಿದು ಶತಮಾನಗಳಾಗಿದ್ದವು. ಇದ್ದು ಇಲ್ಲವಾದ ರಾಜ್ಯವೊಂದನ್ನು ಎತ್ತಿಕೊಂಡು, ಅದರ ಚರಿತ್ರೆಯನ್ನೆಲ್ಲ ತೊಳೆದು, ಬರಿಯ ಹೆಸರಿನ ಪರಿಮಳವನ್ನು ಮಾತ್ರ ಉಳಿಸಿಕೊಂಡು, ಕನಸಿಗೆ ಮನೆಯನ್ನಾಗಿ ಮಾಡುವ ಈ ಕೌಶಲ ಹೋಪನ ಕೌಶಲಕ್ಕೆ ಕಡಮೆಯದೇನೂ ಅಲ್ಲ. ರೀತಿ ಮಾತ್ರ ಬೇರೆ. ಅವನು ಇಲ್ಲದ ದೇಶಕ್ಕೆ ಇರುವ ದೇಶದ ಚಹರೆ ಕೊಟ್ಟನು; ಇವನು ಇದ್ದ ಊರಿಗೆ ಇಲ್ಲದ ಊರಿನ ಕಾಂತಿ ಕೊಟ್ಟನು.

ಚೌಂಡರಸನ ‘ಅಭಿನವ ದಶಕುಮಾರ ಚರಿತೆ’ ಮತ್ತೊಂದು ದಾರಿ. ದಂಡಿಯಿಂದ ಬಂದ ಆ ಕಥೆಯಲ್ಲಿ ಮಗಧದ ರಾಜಹಂಸನು ಮಾಳವನಿಗೆ ಸೋತು ವಿಂಧ್ಯದ ಕಾಡು ಸೇರುವನು. ಕಾಡಿನಲ್ಲಿ ಬೆಳೆದ ಕುಮಾರರು ದಿಕ್ಕುದಿಕ್ಕಿಗೆ ಚೆದರಿ, ಜೂಜುಗಾರರ, ಕಳ್ಳರ, ಮಾಯಾವಿಗಳ ನಡುವೆ ಬುದ್ಧಿಯಿಂದಲೂ ಕೆಲವೊಮ್ಮೆ ನೀತಿಗೆ ದೂರವಾದ ಉಪಾಯಗಳಿಂದಲೂ ಬದುಕಿ, ಒಬ್ಬೊಬ್ಬನೂ ಒಂದೊಂದು ರಾಜ್ಯವನ್ನು ಗಳಿಸಿ ಮರಳಿ ಕೂಡುವರು. ಕಥೆ ಶುರುವಾಗುವುದೇ ರಾಜ್ಯ ಹೋದುದರಿಂದ.

ಅಜ್ಜಿಯರ ಕಥೆಗಳಲ್ಲಿ ಊರಿಗೆ ಹೆಸರೂ ಬೇಡ. ಒಂದೂರು, ಒಬ್ಬ ರಾಜ, ಅವನಿಗೆ ಏಳು ಜನ ಮಕ್ಕಳು. ಏಳು ಸಮುದ್ರದಾಚೆ, ಕೀಳು ಸಮುದ್ರದಾಚೆ, ಗಿಣಿಯಲ್ಲಿ ಜೀವವಿಟ್ಟ ರಾಕ್ಷಸ. ಕೀಳು ಸಮುದ್ರ ಎಲ್ಲಿದೆಯೆಂದು ಕೇಳಿದ ಮಗುವಿಗೆ ಗದರಿಕೆಯೇ ಉತ್ತರ. ಕಾವ್ಯದಲ್ಲಿ ಕುಸುಮಪುರ, ಆಟದಲ್ಲಿ ರತ್ನಾಪುರ, ಸಿನಿಮಾದಲ್ಲಿ ಚಂದನಪುರ ಎಂದು ಹೆಸರಿಟ್ಟರೂ ಅವು ಹೆಸರುಗಳಲ್ಲ, ಹರಕೆಗಳು. ಹೂವಿರಲಿ, ರತ್ನವಿರಲಿ, ಗಂಧವಿರಲಿ ಎಂಬ ಬಯಕೆಗೆ ಪುರವೆಂಬ ಪ್ರತ್ಯಯ ಹಚ್ಚಿದಂತೆ. ಅಲ್ಲಿಗೆ ದಾರಿ ಯಾವುದು, ಗಡಿಯಲ್ಲಿ ಯಾರಿದ್ದಾರೆ ಎಂಬ ಜೆಂಡಾದ ಖಚಿತತೆ ನಮ್ಮ ಕಥೆಗಾರನಿಗೆ ಎಂದೂ ಬೇಕಾಗಲಿಲ್ಲ.

ಈ ಬಗೆಯ ಕಥೆಗಳಲ್ಲೆಲ್ಲ ನಮ್ಮ ಜಿಲ್ಲೆಯ ಜನದ ರಕ್ತದಲ್ಲಿ ಬೆರೆತುಹೋದುದೆಂದರೆ ಶನಿಮಹಾತ್ಮೆ. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ದಾರಿಯಲ್ಲಿ, ಕನಸವಾಡಿಯ ಬಳಿ, ಚಿಕ್ಕಮಧುರೆಯ ಶನಿಮಹಾತ್ಮನ ದೇವಾಲಯವಿದೆ. ಶ್ರಾವಣದ ಶನಿವಾರಗಳಲ್ಲಿ ಅಲ್ಲಿ ನೆರೆಯುವ ಜನವನ್ನು ನೋಡಿದವರು, ಒಂದು ಕಥೆ ಒಂದು ನಾಡಿನ ಮೇಲೆ ಎಷ್ಟು ಅಧಿಕಾರ ನಡೆಸಬಲ್ಲುದೆಂಬುದನ್ನು ಬಲ್ಲರು. (ಕನಸವಾಡಿಯೆಂಬ ಹೆಸರಿನ ವ್ಯುತ್ಪತ್ತಿ ಏನಾದರಾಗಲಿ, ಕಲ್ಪಿತ ರಾಜ್ಯಗಳ ಬಗ್ಗೆ ಬರೆಯುವವನಿಗೆ ಅದಕ್ಕಿಂತ ಒಪ್ಪುವ ಬಸ್ಸಿನ ನಿಲುದಾಣ ದೊರೆಯದು.) ಉಜ್ಜಯಿನಿಯ ವಿಕ್ರಮರಾಯನು ಶನಿಯನ್ನು ಹಳಿದ ತಪ್ಪಿಗೆ, ಅವನು 
ಏರಿದ ಕುದುರೆ ಅವನನ್ನು ಆಕಾಶಕ್ಕೆ ಒಯ್ದು ಗುರುತಿಲ್ಲದ ಕಾಡಿನಲ್ಲಿ ಕೆಡವುವುದು. ಪರರಾಜ್ಯದ ವರ್ತಕನ ಮನೆಯಲ್ಲಿ, ಗೋಡೆಯ ಮೇಲಿನ ಚಿತ್ರದ ಹಂಸ ಮುತ್ತಿನ ಹಾರವನ್ನು ನುಂಗುವುದು. ಕಳ್ಳತನದ ಆರೋಪ ಇವನ ಮೇಲೆ ಬಂದು, ಅಲ್ಲಿಯ ಅರಸನ ಆಜ್ಞೆಯಿಂದ ಕೈಕಾಲುಗಳನ್ನು ಕತ್ತರಿಸಿ ಹಾಕುವರು. ರಾಜಾಧಿರಾಜನು ಗಾಣದವನ ಮನೆಯಲ್ಲಿ ಎತ್ತು ಹೊಡೆಯುತ್ತ ಕುಳಿತುಕೊಳ್ಳುವನು. ಏಳೂವರೆ ವರ್ಷ! ರಾಸೆಂಡಿಲ್ಲನ ಮೂರು ತಿಂಗಳೆಲ್ಲಿ, ಇದೆಲ್ಲಿ? ಆ ಗಾಣದ ಮನೆಯಲ್ಲಿ ಅವನು ರಾತ್ರಿ ದೀಪಕ ರಾಗವನ್ನು ಹಾಡಲಾಗಿ ನಗರದ ದೀಪಗಳೆಲ್ಲ ತಾವಾಗಿ ಹೊತ್ತಿಕೊಂಡವೆಂದು, ಆ ಬೆಳಕನ್ನು ಕಂಡ ರಾಜಕುಮಾರಿಯು ಹಾಡಿದವನನ್ನೇ ವರಿಸಿದಳೆಂದು ಕಥೆಗಾರ ಹೇಳುವಾಗ, ಭಕ್ತಿಗಾಗಿ ಬಂದು ಕುಳಿತ ಹೆಂಗಸರೂ ಗಂಡಸರೂ ಕೇಳುತ್ತಿರುವುದು ಶುದ್ಧವಾದ ರಮ್ಯಸಾಹಸ ಕಥೆಯನ್ನು. ಶನಿಕಾಟ ಮುಗಿದ ದಿನ ಕೈಕಾಲು ಬರುತ್ತವೆ, ಚಿತ್ರದ ಹಂಸ ಹಾರವನ್ನು ಉಗುಳುತ್ತದೆ, ಉಜ್ಜಯಿನಿ ಮರಳಿ ದೊರೆಯುತ್ತದೆ.

ನಳನ ಕಥೆ ಇದೇ. ಹರಿಶ್ಚಂದ್ರನ ಕಥೆ ಇದೇ. ಪಶ್ಚಿಮದ ಕಥೆಯಲ್ಲಿ ರಾಜನಲ್ಲದವನು ರಾಜ್ಯದೊಳಕ್ಕೆ ಹೋಗುವನು. ನಮ್ಮ ಕಥೆಯಲ್ಲಿ ರಾಜನಾದವನು ರಾಜ್ಯದಿಂದ ಹೊರಕ್ಕೆ ಬೀಳುವನು. ಅವರ ನಾಯಕನಿಗೆ ಕಲ್ಪಿತ ರಾಜ್ಯ ಒಂದು ಬಿಡುವು. ನಮ್ಮವನಿಗೆ ಅದು ವನವಾಸ. ಅಲ್ಲಿ ಅವನು ಗಾಣದವನಾಗಿ, ಅಡುಗೆಯವನಾಗಿ, ಸ್ಮಶಾನ ಕಾಯುವವನಾಗಿ, ತಾನು ಆಳುತ್ತಿದ್ದಂತಹ ಜನರ ಅನ್ನವನ್ನು ಉಂಡು ಬರಬೇಕು. ಹೊರಟದ್ದು ರಾಜಕುಮಾರಿಯನ್ನು ಅರಸುವುದಕ್ಕಾದರೂ ಸರಿಯೆ, ಬರಿಗೈಯಲ್ಲಿ ಬರುವಂತಿಲ್ಲ. ಕಂದರ್ಪದೇವನು ಲೀಲಾವತಿಯನ್ನು ಕುಸುಮಪುರದಲ್ಲಿ ಬಿಟ್ಟು ಬಂದಿದ್ದರೆ ಅದನ್ನು ತ್ಯಾಗವೆಂದು ನಮ್ಮ ಅಜ್ಜಿ ಒಪ್ಪುತ್ತಿರಲಿಲ್ಲ, ಹೇಡಿತನವೆಂದು ಕರೆಯುತ್ತಿದ್ದಳು. ಹಾಗೆಂದು ನಮ್ಮದು ಮೇಲು, ಅವರದು ಕೀಳು ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ನಮ್ಮ ಕಥೆಯಲ್ಲಿ ಮರಳಿ ಬರುವುದು ಮೊದಲೇ ನಿಶ್ಚಿತವಾದುದರಿಂದ ಉತ್ಕಂಠೆ ತೆಳುವಾಗುತ್ತದೆ. ಫ್ಲೇವಿಯಾಳ ಬೀಳ್ಕೊಡುಗೆಯಲ್ಲಿ ಇರುವ ಇರಿತ ನಮ್ಮ ಮಂಗಳಾರತಿಗಳಲ್ಲಿ ಇಲ್ಲ.

ಕಂಪನಿ ನಾಟಕಗಳು ಈ ಸಾಮಗ್ರಿಯನ್ನೆಲ್ಲ ಪರದೆಗಳ ಮೇಲೆ ಇಳಿಸಿದವು. ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆ, ಇಷ್ಟಿದ್ದರೆ ಜಗತ್ತಿನ ಯಾವ ರಾಜ್ಯವನ್ನಾದರೂ ಸುರುಳಿ ಬಿಚ್ಚಿ ತೋರಿಸಬಹುದಾಗಿತ್ತು. ಮೊನ್ನೆ ಉಜ್ಜಯಿನಿಯಾಗಿದ್ದ ಕಂಬಗಳು ಇಂದು ಹಸ್ತಿನಾವತಿಯಾಗುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಾಡಿಗೆಯ ಸೀನರಿ ತರಿಸಿ, ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡಿ ಆಡುವ ‘ಕುರುಕ್ಷೇತ್ರ’, ‘ರಾಜಾ ವಿಕ್ರಮ’ಗಳಲ್ಲಿ ಆ ಸಂಪ್ರದಾಯ ಉಸಿರಾಡುತ್ತಿದೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯ ‘ಸದಾರಮೆ’ಯನ್ನು ಮರೆಯುವಂತಿಲ್ಲ. ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ಕೊಡಬೇಕೆಂದು ವರ್ತಕನು ಕೇಳುವನು. ಅರಸುಮಗನು ಕೊಟ್ಟುಬಿಟ್ಟು ಹೆಂಡತಿಯೊಡನೆ ಬೀದಿಪಾಲಾಗುವನು. ಅಲ್ಲಿಂದ ಮುಂದೆ ಕಾಮುಕನಾದ ಅರಸ, ಕಳ್ಳ, ಅಡವಿಗಳನ್ನೆಲ್ಲ ಗೆದ್ದು ಬರುವ ಸಾಹಸ ಗಂಡನದಲ್ಲ, ಪುರುಷವೇಷದ ಸದಾರಮೆಯದು. ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಎಷ್ಟು ಪ್ರಸಿದ್ಧರಾದರೆಂದರೆ ರಾಜ್ಯ ಯಾರದೆಂಬುದನ್ನು ಮರೆತು ಜನ ಕಳ್ಳನನ್ನು ನೋಡಲು ಬರುತ್ತಿದ್ದರು. 1935ರಲ್ಲಿ ಅದು ಚಲನಚಿತ್ರವೂ ಆಯಿತು. ಮಹಾರಾಜರ ಆಳ್ವಿಕೆಯ ಮೈಸೂರಿನಲ್ಲಿ, ದುಷ್ಟನಾದ ಅರಸನನ್ನು ರಂಗದ ಮೇಲೆ ನಗೆಗೀಡು ಮಾಡಲು ಇಲ್ಲದ ರಾಜ್ಯಕ್ಕಿಂತ ಸುರಕ್ಷಿತವಾದ ಸ್ಥಳ ಬೇರೆ ಯಾವುದಿತ್ತು?

ಆದರೆ ಒಂದು ಆಕ್ಷೇಪ ಏಳುತ್ತದೆ. ಇಲ್ಲದ ರಾಜ್ಯವನ್ನು ಕಲ್ಪಿಸುವುದು, ಇದ್ದ ರಾಜ್ಯಗಳು ದೂರವಾಗಿರುವ ಜನಕ್ಕೆ ಅಗತ್ಯವಾಗಬಹುದು. ಹತ್ತು ಮೈಲಿಗೊಂದು ಕೋಟೆಯಿದ್ದ ನಮ್ಮ ಸೀಮೆಗೆ ಅದೇಕೆ ಬೇಕಾಯಿತು? ಆವತಿಯ ಐತಿಹ್ಯವನ್ನೇ ನೋಡಿರಿ. ಕಂಚಿಯ ಕಡೆಯ ಮೊರಸು ಒಕ್ಕಲಿಗರ ಕುಟುಂಬವೊಂದರ ಕನ್ಯೆಯನ್ನು ಅಲ್ಲಿಯ ಪ್ರಬಲನೊಬ್ಬನು ಬಲವಂತವಾಗಿ ಬಯಸಿದನಂತೆ. ಕೊಡಲೊಲ್ಲದೆ ಏಳು ಮಂದಿ ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟರಂತೆ. ಹಿಂದೆ ಶತ್ರು, ಮುಂದೆ ತುಂಬಿ ಹರಿಯುವ ಪಾಲಾರ್. ಆ ಕನ್ಯೆ ಗಂಗೆಯನ್ನು ಪ್ರಾರ್ಥಿಸಲು ಹೊಳೆ ಎರಡಾಗಿ ದಾರಿ ಬಿಟ್ಟಿತಂತೆ. ನಂದಿಯ ಸಮೀಪದ ಬೆಟ್ಟದ ಬುಡದಲ್ಲಿ ಬಂಡಿ ಬಿಚ್ಚಿದ ಆ ಜನವೇ ಆವತಿಯ ನಾಡಪ್ರಭುಗಳು. ಯಲಹಂಕದ ಕೆಂಪೇಗೌಡರ ಮನೆತನ ಅದೇ ಬುಡದ ಕೊಂಬೆ. ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಗೆ ಮಣ್ಣಿನ ಕೋಟೆ ಹಾಕಿಸಿದನು. ಹಸುವೊಂದು ದಿನವೂ ಹುತ್ತದ ಮೇಲೆ ಬಳ್ಳದಷ್ಟು ಹಾಲು ಕರೆಯುತ್ತಿದ್ದ ಸ್ಥಳದಲ್ಲಿ ಬಳ್ಳಾಪುರವೂ, ಮೊಲವೊಂದು ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ಸ್ಥಳದಲ್ಲಿ ಚಿಕ್ಕಬಳ್ಳಾಪುರವೂ ಎದ್ದವೆಂದು ಹೇಳುತ್ತಾರೆ. ಇತ್ತ ಸುಗಟೂರಿನ ತಮ್ಮೇಗೌಡನು 1595ರ ಸುಮಾರಿಗೆ ಕಟ್ಟಿದ ಹೊಸ ಕೋಟೆಯೇ ಹೊಸಕೋಟೆ. ಕನ್ಯೆ, ಪಲಾಯನ, ಸೀಳುವ ನದಿ, ಹಾಲು ಕರೆಯುವ ಹಸು: ರಮ್ಯಕಥೆಯ ಸಾಮಗ್ರಿಯಲ್ಲಿ ಇಲ್ಲಿ ಯಾವುದು ಇಲ್ಲ? ಇದೂ ಮನೆ ಕಳೆದುಕೊಂಡವರು ರಾಜ್ಯ ಪಡೆದ ಕಥೆಯೇ ಎಂಬುದನ್ನು ವಾಚಕರು ಗಮನಿಸಬೇಕು. ಇಂದು ದೇವನಹಳ್ಳಿಯಲ್ಲಿ ವಿಮಾನದಿಂದ ಇಳಿಯುವವರು ನಿಲ್ದಾಣದ ಹಲಗೆಯ ಮೇಲೆ ಕೆಂಪೇಗೌಡರ ಹೆಸರನ್ನು ಓದುವರು. ಆ ವಂಶ ಬಂಡಿಯಲ್ಲಿ ಬಂದದ್ದು ಅಲ್ಲಿಗೆ ಹತ್ತಿರದ ಊರಿಗೇ.

ಇದ್ದ ರಾಜ್ಯಗಳೇ ಹೀಗೆ ಕಥೆಯ ರೂಪದಲ್ಲಿದ್ದುದರಿಂದ ನಮ್ಮ ಕಾದಂಬರಿಕಾರರು ಇಲ್ಲದ ರಾಜ್ಯವನ್ನು ಕಟ್ಟುವ ಶ್ರಮಕ್ಕೆ ಹೋಗಲಿಲ್ಲವೆಂದು ನನ್ನ ಊಹೆ. ಹೋಪನು ರೂರಿಟೇನಿಯದಲ್ಲಿ ಹುಡುಕಿದುದನ್ನು ತ. ರಾ. ಸುಬ್ಬರಾಯರು ಚಿತ್ರದುರ್ಗದಲ್ಲಿಯೂ, ಮಾಸ್ತಿಯವರು ‘ಚೆನ್ನಬಸವನಾಯಕ’ದ ಬಿದನೂರಿನಲ್ಲಿಯೂ ‘ಚಿಕವೀರರಾಜೇಂದ್ರ’ದ ಕೊಡಗಿನಲ್ಲಿಯೂ ಪಡೆದರು. ದುರ್ಗಕ್ಕೆ ಒಲಿದ ಆ ಭಾಗ್ಯ ಆವತಿಗೆ ಒಲಿಯಲಿಲ್ಲ. ಹೀಗೆ ಐತಿಹಾಸಿಕ ಕಾದಂಬರಿ ಪ್ರೌಢರ ಪಾಲಾಯಿತು. ಕಲ್ಪಿತ ರಾಜ್ಯ ಮಕ್ಕಳ ಪಾಲಿಗೂ ಸಿನಿಮಾದ ಪಾಲಿಗೂ ಉಳಿಯಿತು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದಲ್ಲಿ ಅವಂತಿ, ವಿದರ್ಭ, ಕುಂತಲಗಳೆಂಬ ಹೆಸರಿನ, ಚರಿತ್ರೆಗೆ ಸಂಬಂಧವಿಲ್ಲದ ರಾಜ್ಯಗಳನ್ನು ತಿಂಗಳು ತಿಂಗಳೂ ಸುತ್ತಿ ಬಂದ ಮಕ್ಕಳು ಎರಡು ಮೂರು ತಲೆಮಾರಿನವರು. ಎಂ. ಟಿ. ವಿ. ಆಚಾರ್ಯರು ಬರೆದ ಮುಖಪುಟಗಳನ್ನು ಕಂಡವರಿಗೆ ಅರಮನೆಯೆಂದರೆ ಇಂದಿಗೂ ಮೈಸೂರಿನದಲ್ಲ, ಅದೇ.

ಸಿನಿಮಾದ ವಿಷಯವನ್ನು ಬೇಗ ಮುಗಿಸಬಹುದು. ಶಂಕರ್ ಸಿಂಗ್ ಮತ್ತು ವಿಠಲಾಚಾರ್ಯರ ಮಹಾತ್ಮ ಸಂಸ್ಥೆಯ ‘ಜಗನ್ಮೋಹಿನಿ’ (1951) ಜನರನ್ನು ಮರುಳು ಮಾಡಿತು. ಉಡುಪಿಯ ಕಡೆಯವರಾದ ವಿಠಲಾಚಾರ್ಯರೇ ಮುಂದೆ ನಟ ರಾಜಕುಮಾರರಿಂದ ‘ವೀರಕೇಸರಿ’ಯನ್ನು (1963) ಮಾಡಿಸಿದರು, ತೆಲುಗಿನಲ್ಲಿ ಮಾಯಾರಾಜ್ಯಗಳ ಚಕ್ರವರ್ತಿಯಾದರು. ಇವುಗಳಲ್ಲಿ ಕತ್ತಿವರಸೆಯಿದೆ, ಹಾಡಿದೆ, ರಾಜ್ಯವಿಲ್ಲ. ಆ ಪ್ರಜೆಗಳು ಏನು ಬೆಳೆಯುತ್ತಾರೆ, ಏನು ತೆರಿಗೆ ಕೊಡುತ್ತಾರೆ ಎಂದು ತಿಳಿಯುವುದೇ ಇಲ್ಲ. ಜೆಂಡಾದ ಕಥೆಯನ್ನು ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರು ‘ಝಿಂದೇರ್ ಬಂದಿ’ಯಲ್ಲಿ ದೇಶೀಯ ಸಂಸ್ಥಾನವೊಂದಕ್ಕೆ ಒಯ್ದರು. ಅದಕ್ಕಿಂತ ಚತುರನಾದವನು ತಮಿಳಿನ ಎಂ. ಜಿ. ರಾಮಚಂದ್ರನ್. ಅವನ ‘ನಾಡೋಡಿ ಮನ್ನನ್’ (1958) ಚಿತ್ರದಲ್ಲಿ ಅರಸನ ಸ್ಥಾನದಲ್ಲಿ ಕುಳಿತ ಸಾಮಾನ್ಯನು ಸುಮ್ಮನೆ ಕೂರದೆ, ಬಡವರ ಪರವಾದ ಶಾಸನಗಳನ್ನು ಹೊರಡಿಸಲು ತೊಡಗುವನು; ಆ ಕಲ್ಪಿತ ರತ್ನಪುರಿಯ ಶಾಸನಗಳನ್ನು ಒಂದು ನಿಜವಾದ ರಾಜಕೀಯ ಪಕ್ಷದ ಘೋಷಣೆಗಳೆಂದು ಜನ ಅರ್ಥಮಾಡಿಕೊಂಡರು, ನಟನು ಕೊನೆಗೆ ಮುಖ್ಯಮಂತ್ರಿಯೇ ಆದನು. ಅದರಲ್ಲಿ ರಾಜಕುಮಾರಿಯಾದ ಬಿ. ಸರೋಜಾದೇವಿ ನಮ್ಮ ಬೆಂಗಳೂರಿನವರು. ಗಿರೀಶ ಕಾರ್ನಾಡರ ‘ಹಯವದನ’ದ ಧರ್ಮಪುರ, ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯ ಶಿವಪುರಗಳು ಈ ಹಳೆಯ ಪುರಗಳ ಮೊಮ್ಮಕ್ಕಳು, ಅವುಗಳ ವ್ಯಾಸಂಗ ಬೇರೆ ಲೇಖನಕ್ಕೆ ಸಲ್ಲಬೇಕು.

ರಾಸೆಂಡಿಲ್ಲನು ಮನೆಗೆ ಹೋಗದೆ ಸಿಂಹಾಸನದಲ್ಲಿಯೇ ಉಳಿದುಬಿಟ್ಟಿದ್ದರೆ? ಈ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಇದೆ. 1749ರಲ್ಲಿ ಮೈಸೂರಿನ ದಳವಾಯಿಗಳು ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿದಾಗ, ಹೈದರ್ ಎಂಬ ಸಾಮಾನ್ಯ ಸವಾರನೊಬ್ಬನು ತನ್ನ ಶೌರ್ಯದಿಂದ ಕಣ್ಣಿಗೆ ಬಿದ್ದನು. ಅದೇ ಊರಿನಲ್ಲಿ ಮುಂದೆ ಅವನಿಗೆ ಟಿಪ್ಪು ಹುಟ್ಟಿದನು. ಹನ್ನೆರಡು ವರ್ಷಗಳ ಮೇಲೆ, 1761ರಲ್ಲಿ, ಅದೇ ಹೈದರನು ಹೊಸಕೋಟೆಯನ್ನು ಮುತ್ತಿ ಕುಳಿತಿದ್ದ, ನಿಜಾಮನ ಸಹೋದರ ಬಸಾಲತ್ ಜಂಗನನ್ನು ಕಂಡು ಒಂದು ವ್ಯಾಪಾರ ಕುದುರಿಸಿದನು: ಮೂರು ಲಕ್ಷ ರೂಪಾಯಿಗೆ ಸಿರಾದ ನವಾಬಗಿರಿ. ಆಗ ಸಿರಾ ಇದ್ದುದು ಮರಾಠರ ಕೈಯಲ್ಲಿ. ತನ್ನದಲ್ಲದ ರಾಜ್ಯವನ್ನು ಬಸಾಲತ್ ಜಂಗನು ಮಾರಿದನು, ಇನ್ನೂ ಗೆಲ್ಲದ ರಾಜ್ಯವನ್ನು ಹೈದರನು ಕೊಂಡನು. ಹೊಸಕೋಟೆಯ ಕೆರೆಯ ಆಸುಪಾಸಿನಲ್ಲಿ ಎಲ್ಲಿಯೋ, ಡೇರೆಯೊಂದರ ಒಳಗೆ, ಸನ್ನದಿನ ಕಾಗದದ ಮೇಲೆ ಮಾತ್ರ ಇದ್ದ ಕಲ್ಪಿತ ರಾಜ್ಯವೊಂದು ರೊಕ್ಕಕ್ಕೆ ಬಿಕರಿಯಾಯಿತು. ಕೆಲವೇ ತಿಂಗಳಲ್ಲಿ ಅದು ನಿಜವೂ ಆಯಿತು. ಆ ವರ್ಷದಲ್ಲಿಯೇ ಮೈಸೂರಿನ ಆಡಳಿತವೆಲ್ಲ ಅವನ ಕೈ ಸೇರಿತು. ಒಡೆಯರು ಅರಮನೆಯಲ್ಲಿ ಉಳಿದರು, ದಸರೆಯ ದಿನ ಜನಕ್ಕೆ ದರ್ಶನ ಕೊಟ್ಟರು. ಜೆಂಡಾದ ಸೆರೆಯಾಳಿಗೆ ಇಲ್ಲಿ ಬಿಡುಗಡೆಯಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಹೈದರನು ನಮ್ಮ ಕಥೆಗಳ ಮಾದರಿಗೆ ಹೊರಗಿನವನು, ಪಶ್ಚಿಮದ ಸಾಹಸಿಗೆ ಹತ್ತಿರದವನು ಎಂದೇ ತೋರುತ್ತದೆ. ಆದರೆ ಮೈಸೂರಿನ ಚರಿತ್ರೆಕಾರ ಕರ್ನಲ್ ವಿಲ್ಕ್ಸನು ಬರೆದಿಟ್ಟ ಇನ್ನೊಂದು ಸಂಗತಿ ಉಂಟು, ಅದು ನಡೆದದ್ದು ದೊಡ್ಡಬಳ್ಳಾಪುರದ ಕೋಟೆಯಲ್ಲಿ. ಹೈದರನ ತಂದೆ ಫತೇ ಮಹಮದನು ಸಿರಾದ ಸುಬೇದಾರನ ಪರವಾಗಿ ಕಾದಿ ಸತ್ತಾಗ, ಅವನ ಹೆಂಡತಿ ಮಕ್ಕಳು ದೊಡ್ಡಬಳ್ಳಾಪುರದಲ್ಲಿ, ಅಲ್ಲಿಯ ಜಹಗೀರುದಾರ ಅಬ್ಬಾಸ್ ಕುಲಿ ಖಾನನ ವಶದಲ್ಲಿದ್ದರು. ಸತ್ತವನು ಬಾಕಿ ಕೊಡಬೇಕೆಂಬ ನೆವ ಹೂಡಿ, ಆ ಮನೆಯಲ್ಲಿದ್ದುದನ್ನೆಲ್ಲ ಕಸಿದುಕೊಳ್ಳುವುದಕ್ಕಾಗಿ, ಖಾನನು ಹೈದರ್ ಮತ್ತು ಅವನ ಅಣ್ಣ ಶಹಬಾಜ್ ಎಂಬ ಆ ಇಬ್ಬರು ಎಳೆಯ ಬಾಲಕರನ್ನು ನಗಾರಿಯೊಳಗೆ ಕೂಡಿಸಿ, ಮೇಲೆ ಚರ್ಮ ಬಿಗಿದು, ಬಾರಿಸಿದನು. ಹಣ ಹೋಯಿತು, ತಾಯಿ ಮಕ್ಕಳು ಬರಿಗೈಯಲ್ಲಿ ಊರು ಬಿಟ್ಟರು. ವಿಕ್ರಮರಾಯನ ಗಾಣಕ್ಕೂ ಈ ನಗಾರಿಗೂ ಎಷ್ಟು ದೂರ? ನಮ್ಮೂರಿನ ಕಾದಂಬರಿಕಾರರಾಗಬಯಸುವ ತರುಣರು ಇಲ್ಲದ ಪುರಗಳನ್ನು ಅರಸುವ ಮೊದಲು, ಆ ನಗಾರಿಯ ಒಳಗಿನ ಕತ್ತಲೆಯನ್ನು ಒಮ್ಮೆ ನೆನೆಯಬೇಕೆಂದು ನನ್ನ ಪ್ರಾರ್ಥನೆ.

1761ರಲ್ಲಿ ಹೈದರನು ಸೇನೆಯೊಡನೆ ದೊಡ್ಡಬಳ್ಳಾಪುರಕ್ಕೆ ಮರಳಿ ಬಂದನು. ಅಬ್ಬಾಸ್ ಕುಲಿ ಖಾನನು ಮನೆಯವರನ್ನೂ ಬಿಟ್ಟು ಮದರಾಸಿಗೆ ಓಡಿದನು. ಕೆಲವು ವರ್ಷಗಳ ಮೇಲೆ ಹೈದರನ ದಂಡು ಘಟ್ಟವಿಳಿದು ಮದರಾಸಿನ ಸಮೀಪಕ್ಕೆ ಬಂತೆಂದು ತಿಳಿದೊಡನೆ, ಖಾನನು ಸಿಕ್ಕಿದ ಹಳೆಯ ಹಡಗೊಂದನ್ನು ಹತ್ತಿ ಕಡಲಿನ ಮೇಲೆ ಕುಳಿತನು. ಆ ದಂಡು ಮತ್ತೆ ಘಟ್ಟ ಹತ್ತಿತೆಂಬ ಸುದ್ದಿ ಬರುವವರೆಗೂ ದಡಕ್ಕೆ ಇಳಿಯಲಿಲ್ಲ.